ನಿಕೋಟಿನ್ ಪೌಚ್: ಡಬ್ಬಿಯ ಮೇಲಿನ ಮಿಲಿಗ್ರಾಂ ನೋಡಿ ಕೊಳ್ಳಬೇಡಿ

ಸಿಗರೇಟ್ ಬಿಟ್ಟು ಪೌಚ್‌ಗೆ ಬಂದು ಕೆಲವು ವರ್ಷಗಳಾದವು. ಪೌಚ್ ಅಂದರೆ ತುಟಿ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳುವ, ನಿಕೋಟಿನ್ ಇರುವ ಪುಟ್ಟ ಚೀಲ. ಈ ಮಧ್ಯೆ ಝಿನ್, ವೆಲೋ, ಆನ್, ನಾರ್ಡಿಕ್ ಸ್ಪಿರಿಟ್ ಬ್ರ್ಯಾಂಡ್ ಎಲ್ಲವನ್ನೂ ಸಾಕಷ್ಟು ಕಾಲ ಬಳಸಿದ್ದೇನೆ. ಯಾವುದು ಒಳ್ಳೆಯದು ಅಂತ ಕೇಳುವವರು ಮೊದಲು ನೋಡುವುದು ಡಬ್ಬಿಯ ಮೇಲಿನ ಮಿಲಿಗ್ರಾಂ, ಅಂದರೆ ನಿಕೋಟಿನ್ ಪ್ರಮಾಣ. ಆ ಅಂಕಿ ಅರ್ಧ ವಿಷಯ ಮಾತ್ರ ಹೇಳುತ್ತದೆ. ಪೌಚ್ ಒಣಗಿದ್ದೋ ತೇವ ಇರುವುದೋ, ತುಟಿಯ ಕೆಳಗೆ ಎಷ್ಟು ಜಾಗ ಹಿಡಿಯುತ್ತದೆ, ಒಸಡಿಗೆ ಎಷ್ಟು ಉರಿ ಕೊಡುತ್ತದೆ, ಇದನ್ನು ಯಾರೂ ವಿಚಾರಿಸುವುದೇ ಇಲ್ಲ. ದಿನವೂ ಬಳಸುವವರಿಗೆ ಮುಖ್ಯವಾಗುವುದು ಇವೇ.

ಮೊದಲೇ ಒಂದು ಮಾತು. ಈಗಾಗಲೇ ಸಿಗರೇಟ್ ಅಥವಾ ಬೇರೆ ತಂಬಾಕಿನ ಚಟ ಇದ್ದು, ಅದನ್ನು ಬಿಡಲು ದಾರಿ ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವ ಚಟವೂ ಇಲ್ಲದವರು ಸುಮ್ನೆ ರುಚಿ ನೋಡೋಣ ಅಂತ ಇದಕ್ಕೆ ಕೈ ಹಾಕಬೇಡಿ. ತಂಬಾಕಿನ ಎಲೆ ಇಲ್ಲ, ನಿಜ. ಆದರೆ ಚಟ ಹಿಡಿಸುವುದು ನಿಕೋಟಿನ್, ಅದು ಇದರಲ್ಲಿ ಇದ್ದೇ ಇದೆ. ಹದಿಹರೆಯದವರಿಗೆ, ಗರ್ಭಿಣಿಯರಿಗೆ ಇದು ಬೇಡವೇ ಬೇಡ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಪೌಚ್ ಒಳಗೆ ಇರುವುದು ಹೆಚ್ಚಾಗಿ ಸಸ್ಯದ ನಾರು, ನಿಕೋಟಿನ್ ಲವಣ, ಸಿಹಿಗೆ ಸುಕ್ರಲೋಸ್ ಅಥವಾ ಎಸಿಸಲ್ಫೇಮ್, ರುಚಿಗೆ ಪುದೀನದಂಥ ಪರಿಮಳ, ಜೊತೆಗೆ ಸೋಡಿಯಂ ಕಾರ್ಬೊನೇಟ್ ತರಹದ ಒಂದು ಕ್ಷಾರ. ಈ ಕ್ಷಾರದ ಕೆಲಸ ದೊಡ್ಡದು. ನಿಕೋಟಿನ್ ಬಾಯಿಯ ಚರ್ಮದ ಮೂಲಕ ಸುಲಭವಾಗಿ ಒಳಗೆ ಇಳಿಯಬೇಕಾದರೆ ಜೊಲ್ಲು ಸ್ವಲ್ಪ ಕ್ಷಾರೀಯ ಆಗಬೇಕು. ಮೊದಲ ನಿಮಿಷಗಳಲ್ಲಿ ಒಸಡು ಚುರುಚುರು ಅನ್ನುವುದಕ್ಕೂ ಕ್ಷಾರ ಮತ್ತು ನಿಕೋಟಿನ್ ಎರಡೂ ಕಾರಣ. ಹಾಗಾಗಿ ಒಂದೇ ಮಿಲಿಗ್ರಾಂ ಇರುವ ಎರಡು ಬ್ರ್ಯಾಂಡ್‌ಗಳಲ್ಲಿ ಒಂದು ತಣ್ಣಗೆ ಕೂತಿರುತ್ತದೆ, ಇನ್ನೊಂದು ಕಣ್ಣಲ್ಲಿ ನೀರು ತರಿಸುತ್ತದೆ. ಕಾಫಿ ಅಥವಾ ಹುಳಿ ಜ್ಯೂಸ್ ಕುಡಿಯುತ್ತಾ ಪೌಚ್ ಇಟ್ಟರೆ ಸಪ್ಪೆ ಅನಿಸುತ್ತದೆ ಅಲ್ವಾ? ಹುಳಿ ಬಾಯಿಯ ಕ್ಷಾರವನ್ನು ಇಳಿಸಿಬಿಡುತ್ತದೆ, ನಿಕೋಟಿನ್ ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಕುಡಿದು ಮುಗಿಸಿ, ಬಾಯಿ ಮುಕ್ಕಳಿಸಿ, ಆಮೇಲೆ ಇಡಿ.

ಈಗ ಬ್ರ್ಯಾಂಡ್‌ಗಳಿಗೆ ಬರುತ್ತೇನೆ. ಝಿನ್ ಸ್ವೀಡಿಷ್ ಮ್ಯಾಚ್ ಕಂಪನಿಯದು. ಆ ಕಂಪನಿಯನ್ನು 2022ರಲ್ಲಿ ಫಿಲಿಪ್ ಮಾರಿಸ್ ಕೊಂಡುಕೊಂಡಿತು. ಅಮೆರಿಕದ ಝಿನ್ ಡಬ್ಬಿಯಲ್ಲಿ ಸಾಮಾನ್ಯವಾಗಿ 15 ಪೌಚ್ ಇರುತ್ತವೆ, 3 ಮತ್ತು 6 ಮಿಲಿಗ್ರಾಂ ಎರಡು ಬಗೆ. ಪೌಚ್ ಪೂರ್ತಿ ಒಣ. ಬೆರಳಲ್ಲಿ ಹಿಡಿದರೆ ಒಳಗಿನ ಪುಡಿ ಸರಸರ ಅನ್ನುವುದು ಗೊತ್ತಾಗುತ್ತದೆ. ತುಟಿಯ ಕೆಳಗೆ ಇಟ್ಟ ಮೇಲೆ ಜೊಲ್ಲಿನಲ್ಲಿ ನೆನೆಯಲು ಕೆಲವು ನಿಮಿಷ ಬೇಕು. ಅಲ್ಲಿಯವರೆಗೆ ಏನೂ ಆಗುತ್ತಿಲ್ಲ ಅನಿಸುತ್ತದೆ. ಆಮೇಲೆ ನಿಧಾನವಾಗಿ ಶುರುವಾಗಿ, ಒಂದೇ ಸಮನೆ ಬಹಳ ಹೊತ್ತು ಇರುತ್ತದೆ. ನನಗೆ ಬೇಕಾಗಿದ್ದುದು ಇಂಥದ್ದೇ. ಬಾಯಲ್ಲಿ ನೀರು ತುಂಬಿಕೊಳ್ಳುವುದಿಲ್ಲ, ಮಾತಾಡುವಾಗ ಪೌಚ್ ಜಾರುವುದಿಲ್ಲ. ಯುರೋಪಿನಲ್ಲಿ ಇದೇ ಝಿನ್ ಒಣ ಮಿನಿ, ತೇವದ ಸ್ಲಿಮ್ ಎರಡೂ ರೂಪದಲ್ಲಿ ಬರುತ್ತದೆ. ಹೆಸರು ಒಂದೇ, ಅನುಭವ ಬೇರೆಯೇ. ಯಾರಾದರೂ ಝಿನ್ ಚೆನ್ನಾಗಿದೆ ಅಂದರೆ ಯಾವ ಝಿನ್ ಅಂತ ಕೇಳಿ.

ವೆಲೋ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊದ್ದು. ಸ್ವೀಡನ್‌ನಲ್ಲಿ ಮೊದಲು ಲಿಫ್ಟ್ ಅನ್ನುವ ಹೆಸರಲ್ಲಿ ಮಾರುತ್ತಿದ್ದರು. ಯುರೋಪಿನ ವೆಲೋ ಸ್ಲಿಮ್ ತೇವವಾಗಿರುತ್ತದೆ, ಉದ್ದಕ್ಕೆ ತೆಳ್ಳಗಿರುತ್ತದೆ, ಒಸಡಿನ ಬಾಗಿಗೆ ಸರಿಯಾಗಿ ಕೂರುತ್ತದೆ. ಇಟ್ಟ ಕೂಡಲೇ ಪುದೀನದ ತಂಪು ಬಾಯಿ ತುಂಬ ಹರಡುತ್ತದೆ, ನಿಕೋಟಿನ್ ಕೂಡ ಬೇಗ ಗೊತ್ತಾಗುತ್ತದೆ. ಆಗ ತಾನೇ ಸಿಗರೇಟ್ ಬಿಟ್ಟವರಿಗೆ ಈ ಬೇಗ ಅನ್ನುವುದು ಬಹಳ ಮುಖ್ಯ. ಸಿಗರೇಟಿನ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳಿಗೆ ಹೋಗುತ್ತದೆ. ಪೌಚ್‌ನಲ್ಲಿ ರಕ್ತದ ಮಟ್ಟ ತುದಿ ಮುಟ್ಟಲು ಅರ್ಧ ಗಂಟೆ, ಒಂದು ಗಂಟೆ ಹಿಡಿಯಬಹುದು. ಆ ಅಂತರದಲ್ಲೇ ಜನ ಮತ್ತೆ ಸಿಗರೇಟ್ ಹಚ್ಚುವುದು. ಮೊದಲ ವಾರಗಳಿಗೆ ತೇವದ ಪೌಚ್, ಆಮೇಲೆ ಒಣ ಪೌಚ್ ಅನ್ನುವ ಕ್ರಮ ನನಗೆ ಸರಿಹೋಯಿತು. ನನ್ನನ್ನು ಕೇಳಿದವರಿಗೆಲ್ಲ ಇದನ್ನೇ ಹೇಳುತ್ತೇನೆ.

ಆನ್ ಆಲ್ಟ್ರಿಯಾ ಕಂಪನಿಯದು. ಪೌಚ್ ಬಹಳ ಚಿಕ್ಕದು, ಹೆಚ್ಚು ಕಡಿಮೆ ಕಿರುಬೆರಳಿನ ಉಗುರಿನಷ್ಟು ಅನ್ನಬಹುದು. ಮೀಟಿಂಗ್‌ನಲ್ಲಿ ಕೂತಿದ್ದರೂ ತುಟಿ ಉಬ್ಬಿದಂತೆ ಕಾಣುವುದಿಲ್ಲ. 2, 4, 8 ಮಿಲಿಗ್ರಾಂ ಅಂತ ಮೆಟ್ಟಿಲು ಮೆಟ್ಟಿಲಾಗಿ ಸಿಗುವುದರಿಂದ ಇಳಿಸಿಕೊಂಡು ಬರುವವರಿಗೆ ಅನುಕೂಲ. ಜಪಾನ್ ಟೊಬ್ಯಾಕೊದ ನಾರ್ಡಿಕ್ ಸ್ಪಿರಿಟ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಮೃದು, ತೇವ, ರುಚಿ ಸೌಮ್ಯ. ಪುದೀನ ಘಾಟು ಅನಿಸುವವರು ನೋಡಬಹುದು.

ಇನ್ನು ಭಾರಿ ಸ್ಟ್ರಾಂಗ್ ಅಂತ ಹೆಸರು ಮಾಡಿರುವ ಕೆಲವು ಬ್ರ್ಯಾಂಡ್‌ಗಳಿವೆ. ಅಂಥದ್ದೊಂದನ್ನು ಗೆಳೆಯರೊಬ್ಬರು ಕೊಟ್ಟಿದ್ದರು. ಐದು ನಿಮಿಷ ಆಗುವಷ್ಟರಲ್ಲಿ ತಲೆ ಗಿರ್ರ್ ಅಂದಿತು, ಮೈ ತಣ್ಣಗೆ ಬೆವರಿತು, ವಾಕರಿಕೆ ಬಂತು. ತೆಗೆದು ಎಸೆದ ಮೇಲೂ ಎದೆ ಬಹಳ ಹೊತ್ತು ಹೊಡೆದುಕೊಳ್ಳುತ್ತಿತ್ತು. ವರ್ಷಗಟ್ಟಲೆ ಸಿಗರೇಟ್ ಸೇದಿದ ಮೈಗೇ ಹೀಗಾದರೆ ಹೊಸಬರ ಪಾಡೇನು? ಈ ಡಬ್ಬಿಗಳನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಅಂಕಿಯ ಗೊಂದಲವೂ ಇಲ್ಲೇ ಜಾಸ್ತಿ. ಕೆಲವು ಡಬ್ಬಿಗಳ ಮೇಲೆ ಒಂದು ಪೌಚ್‌ಗೆ ಎಷ್ಟು ಅಂತ ಬರೆದಿರುತ್ತಾರೆ, ಕೆಲವದರ ಮೇಲೆ ಒಂದು ಗ್ರಾಂಗೆ ಎಷ್ಟು ಅಂತ. ಗ್ರಾಂಗೆ 16 ಮಿಲಿಗ್ರಾಂ ಅಂತ ಇದ್ದು ಪೌಚ್ 0.7 ಗ್ರಾಂ ತೂಗಿದರೆ ಒಂದರಲ್ಲಿ 11.2 ಮಿಲಿಗ್ರಾಂ ಇರುತ್ತದೆ. ಅದೇ 16, ಆದರೆ ಪೌಚ್ 0.4 ಗ್ರಾಂ ಆದರೆ 6.4 ಮಾತ್ರ. ಮುಂದಿನ ದೊಡ್ಡ ಅಂಕಿ ನೋಡಿ ಕೊಳ್ಳಬೇಡಿ. ಡಬ್ಬಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಆ ನಿಕೋಟಿನ್ ಪೂರ್ತಿಯಾಗಿ ಹೊರಗೂ ಬರುವುದಿಲ್ಲ. ಒಂದಷ್ಟು ಪೌಚ್‌ನಲ್ಲೇ ಉಳಿಯುತ್ತದೆ. ಎಷ್ಟು ಹೊರಬರುತ್ತದೆ ಅನ್ನುವುದು ತೇವ ಮತ್ತು ನೀವು ಇಟ್ಟುಕೊಳ್ಳುವ ಸಮಯದ ಮೇಲೆ ಹೋಗುತ್ತದೆ.

ಒಸಡಿನ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದೇ ಜಾಗದಲ್ಲಿ ಪೌಚ್ ಇಡುತ್ತಾ ಹೋದರೆ ಅಲ್ಲಿನ ಚರ್ಮ ಬಿಳಿಚಿಕೊಂಡು ಸುಕ್ಕಾಗುತ್ತದೆ. ನಾನು ಎಡಕ್ಕೆ ಒಮ್ಮೆ ಬಲಕ್ಕೆ ಒಮ್ಮೆ ಇಡುತ್ತೇನೆ, ಅರ್ಧ ಗಂಟೆಗಿಂತ ಜಾಸ್ತಿ ಬಿಡುವುದಿಲ್ಲ, ಕನ್ನಡಿ ಮುಂದೆ ಮೇಲ್ತುಟಿ ಎತ್ತಿ ನೋಡಿಕೊಳ್ಳುತ್ತೇನೆ. ಹಲ್ಲಿನ ವೈದ್ಯರಿಗೆ ಪೌಚ್ ಬಳಸುವ ವಿಷಯ ಮೊದಲೇ ಹೇಳಿದ್ದೇನೆ. ಮುಚ್ಚಿಟ್ಟರೆ ಅವರು ಏನನ್ನು ಹುಡುಕಬೇಕು ಅಂತ ಅವರಿಗೆ ಗೊತ್ತಾಗುವುದಿಲ್ಲ. ಬಿಕ್ಕಳಿಕೆ ಬಂದರೆ ಸಾಮಾನ್ಯವಾಗಿ ಜೊಲ್ಲು ಜಾಸ್ತಿ ನುಂಗಿದ್ದೀರಿ ಅಂತಲೋ, ಡೋಸ್ ಜಾಸ್ತಿ ಆಯಿತು ಅಂತಲೋ ಅರ್ಥ.

ಅಮೆರಿಕದ ಎಫ್‌ಡಿಎ (ಆಹಾರ, ಔಷಧ, ತಂಬಾಕು ಉತ್ಪನ್ನಗಳ ನಿಯಂತ್ರಣ ಸಂಸ್ಥೆ) 2025ರ ಜನವರಿಯಲ್ಲಿ 20 ಝಿನ್ ಉತ್ಪನ್ನಗಳ ಮಾರಾಟಕ್ಕೆ ಅನುಮತಿ ಕೊಟ್ಟಿತು. ಸಿಗರೇಟಿಗೆ ಹೋಲಿಸಿದರೆ ಇವುಗಳಲ್ಲಿ ಹಾನಿಕರ ಅಂಶ ಬಹಳ ಕಡಿಮೆ ಅಂದಿತು. ಅದರ ಜೊತೆಗೇ, ಅನುಮತಿ ಅಂದರೆ ಸುರಕ್ಷಿತ ಅಂತ ಅರ್ಥವಲ್ಲ ಅಂತಲೂ ಹೇಳಿತು. ಮಾರುವವರು ಮೊದಲ ಮಾತನ್ನಷ್ಟೇ ಎತ್ತಿ ತೋರಿಸುತ್ತಾರೆ. ಬೆಲ್ಜಿಯಂ 2023ರಲ್ಲೇ ಪೌಚ್ ಮಾರಾಟವನ್ನು ನಿಷೇಧಿಸಿದೆ. ಪ್ರಯಾಣಕ್ಕೆ ಡಬ್ಬಿ ಒಯ್ಯುವವರು ಹೋಗುವ ದೇಶದ ಕಾನೂನು ನೋಡಿಕೊಂಡೇ ಹೊರಡಿ.

ನಾನು ಈಗ ಬಳಸುತ್ತಿರುವುದು 3 ಮಿಲಿಗ್ರಾಂನ ಒಣ ಪೌಚ್. 6ರಿಂದ ಇಳಿಯುವಾಗ ದಿನದ ಎಲ್ಲ ಪೌಚ್ ಒಟ್ಟಿಗೆ ಬದಲಿಸಲಿಲ್ಲ. ಸಂಜೆಯದನ್ನು ಮೊದಲು 3ಕ್ಕೆ ತಂದೆ, ಯಾಕಂದರೆ ರಾತ್ರಿ ನಿದ್ದೆ ಕೆಡಿಸುತ್ತಿದ್ದುದು ಅದೇ. ಆಮೇಲೆ ಮಧ್ಯಾಹ್ನದ್ದು. ಬೆಳಿಗ್ಗೆ ಎದ್ದ ಮೇಲಿನ ಮೊದಲನೆಯದು ಕೊನೆಯವರೆಗೆ ಹಠ ಹಿಡಿಯಿತು. ಮುಂದೆ 2ಕ್ಕೆ ಇಳಿಯಲು ಆನ್ ತೆಗೆದುಕೊಳ್ಳುತ್ತೇನೆ. ಆ ಮೇಲೆ ಪೂರ್ತಿ ನಿಲ್ಲಿಸುವ ಯೋಚನೆ ಇದೆ.

ಬಳಸಿದ ಪೌಚ್‌ನಲ್ಲೂ ನಿಕೋಟಿನ್ ಉಳಿದಿರುತ್ತದೆ ಅಂದೆನಲ್ಲ, ಅದಕ್ಕೇ ಬಹುತೇಕ ಡಬ್ಬಿಗಳ ಮುಚ್ಚಳದಲ್ಲಿ ಅದನ್ನು ಹಾಕಲು ಒಂದು ಪುಟ್ಟ ಖಾನೆ ಇರುತ್ತದೆ. ಅಲ್ಲೇ ಹಾಕಿ, ಆಮೇಲೆ ಕಸಕ್ಕೆ ಸುರಿಯಿರಿ. ಮನೆಯಲ್ಲಿ ಮಕ್ಕಳು, ನಾಯಿ, ಬೆಕ್ಕು ಇದ್ದರೆ ಡಬ್ಬಿ ಕೈಗೆ ಸಿಗದ ಕಡೆ ಇರಲಿ. ಮಗು ಒಂದು ಪೌಚ್ ನುಂಗಿದರೂ ಏನಾಗುತ್ತದೋ ನೋಡೋಣ ಅಂತ ಕಾಯಬೇಡಿ, ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ನೇರ ಆಸ್ಪತ್ರೆಗೆ ಹೋಗಿ.