ಟೊರಾಂಟೊದಲ್ಲೇ ಉಳಿಯುವುದೋ, ಅಮೆರಿಕಕ್ಕೆ ಬದಲಾಗುವುದೋ?

ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಎರಡನೆಯ ವರ್ಷದ ಪದವಿ ಓದುತ್ತಿರುವವರು ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಬದಲಾಗಲು ಯೋಚಿಸುತ್ತಿದ್ದರೆ, ಹೆಸರುಗಳನ್ನು ತೂಗುವ ಮೊದಲು ಕ್ರೆಡಿಟ್‌ಗಳನ್ನು (ಓದಿ ಮುಗಿಸಿದ ವಿಷಯಗಳಿಗೆ ಸಿಗುವ ಮಾನಗಳನ್ನು) ಲೆಕ್ಕಹಾಕುವುದು ಒಳಿತು. ಟೊರಾಂಟೊದ ನಾಲ್ಕು ವರ್ಷದ ಬಿ.ಎಸ್ಸಿ. ಆನರ್ಸ್ ಪದವಿಗೆ 20 ಕ್ರೆಡಿಟ್‌ಗಳು ಬೇಕು. ಅಲ್ಲಿಯೇ ಉಳಿದರೆ ಈವರೆಗೆ ಗಳಿಸಿದ್ದು ಕೈಬಿಡುವುದಿಲ್ಲ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳಾದರೋ ಪದವಿಯ ಅರ್ಧದಷ್ಟನ್ನಾದರೂ ತಮ್ಮಲ್ಲೇ ಓದಬೇಕೆನ್ನುತ್ತವೆ. ಹಿಂದಿನ ವಿಷಯಗಳ ಪಠ್ಯಕ್ರಮ ತರಿಸಿಕೊಂಡು ತಾಳೆ ನೋಡುತ್ತವೆ. ಉದಾಹರಣೆಗೆ, ಗಣಿತದ ಲೀನಿಯರ್ ಆಲ್ಜೀಬ್ರಾಕ್ಕೆ ಮಾನ್ಯತೆ ದೊರೆತರೂ ಅದು ಮುಖ್ಯ ವಿಷಯದ ಲೆಕ್ಕಕ್ಕೆ ಸೇರದೆ ಬರಿಯ ಐಚ್ಛಿಕವಾಗಿ ಉಳಿದರೆ, ಅದನ್ನೇ ಮತ್ತೆ ಓದಬೇಕಾಗಬಹುದು, ಶುಲ್ಕವನ್ನೂ ಮತ್ತೆ ಕಟ್ಟಬೇಕಾಗಬಹುದು.

ಪ್ರವೇಶವೂ ಸುಲಭವಲ್ಲ. ಬರ್ಕ್ಲಿಯಂಥ ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳು ಆ ರಾಜ್ಯದ ಕಮ್ಯುನಿಟಿ ಕಾಲೇಜುಗಳಿಂದ (ಎರಡು ವರ್ಷದ ಸ್ಥಳೀಯ ಕಾಲೇಜುಗಳಿಂದ) ಬರುವವರಿಗೆ ಆದ್ಯತೆ ನೀಡುತ್ತವೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವು ಹೀಗೆ ಬದಲಾಗಿ ಬರುವವರಿಗೆ ದಶಕಗಳ ಕಾಲ ಮುಚ್ಚಿದ್ದ ಬಾಗಿಲನ್ನು 2018ರಲ್ಲಷ್ಟೇ ತೆರೆಯಿತು.

ಓದು ಮುಗಿದ ಮೇಲೆ ಕೆನಡಾದಲ್ಲಿ ಗರಿಷ್ಠ 3 ವರ್ಷದ ಕೆಲಸದ ಪರವಾನಗಿ ಸಿಗುತ್ತದೆ. ಅಮೆರಿಕದ ಓಪಿಟಿ (ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಸಿಗುವ ಕೆಲಸದ ಅನುಮತಿ) 12 ತಿಂಗಳಿನದು. ವಿಜ್ಞಾನ, ತಂತ್ರಜ್ಞಾನದ ಪದವೀಧರರಿಗೆ ಇನ್ನೂ 24 ತಿಂಗಳು ದೊರೆಯಬಹುದು, ಆದರೆ ಅನಂತರ ಎಚ್-1ಬಿ ಉದ್ಯೋಗ ವೀಸಾದ ಲಾಟರಿಯ ಅದೃಷ್ಟ.

ಕಂಪ್ಯೂಟರ್ ವಿಜ್ಞಾನಕ್ಕೆಂದು ಟೊರಾಂಟೊಗೆ ಹೋಗಿ, ಮೊದಲ ವರ್ಷದ ನಂತರ ಅದರಲ್ಲಿ ಸೀಟು ದಕ್ಕದವರಿಗೆ ಬದಲಾವಣೆ ನ್ಯಾಯವೇ ಎಂದು ನನ್ನ ಎಣಿಕೆ. ಫೆಬ್ರವರಿಯ ಚಳಿ, ಒಂಟಿತನಗಳೇ ಕಾರಣವಾಗಿದ್ದರೆ (ಅವೂ ಸಣ್ಣವಲ್ಲ), ಬಾಸ್ಟನ್‌ನಲ್ಲೂ ಹಿಮ ಬೀಳುತ್ತದೆ.