ಬೋಟಿನ ಸೊಟ್ಟ ಶಾಫ್ಟ್ ಟ್ಯೂಬ್: ಜಾಯಿಂಟ್ ಹಾಕಿ ಮುಚ್ಚಬೇಕಾ, ಕಿತ್ತು ಕೂರಿಸಬೇಕಾ?

ರಿಮೋಟಿನಲ್ಲಿ ಓಡಿಸುವ ಚಿಕ್ಕ ಬೋಟಿನಲ್ಲಿ ಪ್ರೊಪೆಲ್ಲರ್ ಶಾಫ್ಟ್ ಹಾದುಹೋಗುವ ಟ್ಯೂಬ್ ಮೋಟಾರಿನ ನೇರಕ್ಕೆ ಇಲ್ಲದಿದ್ದರೆ, ಜಾಯಿಂಟ್ ಹಾಕಿ ಹೊಂದಿಸಬೇಕೋ, ಟ್ಯೂಬನ್ನೇ ಕಿತ್ತು ನೇರ ಕೂರಿಸಬೇಕೋ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಿತ್ತು ಕೂರಿಸುವುದಕ್ಕೆ. ಉಳಿದ ದಾರಿಗಳು ಕೆಟ್ಟವು ಅಂತಲ್ಲ. ಆದರೆ ನಾನು ಬೋಟ್ ಓಡಿಸುವ ಜಾಗಕ್ಕೆ, ನನ್ನ ಜೇಬಿಗೆ ಅವು ಹೊಂದಲಿಲ್ಲ.

ಬೋಟ್ ಸೆಕೆಂಡ್ ಹ್ಯಾಂಡ್. ಮಾರಿದವರು ಕಳಿಸಿದ ಫೋಟೊಗಳಲ್ಲಿ ಎಲ್ಲದರಲ್ಲೂ ಮೇಲಿನ ಮುಚ್ಚಳ ಹಾಕಿಯೇ ಇತ್ತು. ಗಂಗಾವತಿಗೆ ಪಾರ್ಸೆಲ್ ಬಂದ ಮೇಲೆ ಮುಚ್ಚಳ ತೆಗೆದರೆ, ಪ್ರೊಪೆಲ್ಲರ್ ಕಡೆಯಿಂದ ಬರುವ ಹಿತ್ತಾಳೆ ಟ್ಯೂಬ್ ಎಡಕ್ಕೆ ವಾಲಿದೆ, ಅದರ ಒಳತುದಿ ಮೋಟಾರಿನ ಶಾಫ್ಟಿಗಿಂತ ಕೆಳಗೂ ಇದೆ. ಅಂದರೆ ಕೋನವೂ ತಪ್ಪು, ಎತ್ತರವೂ ತಪ್ಪು. ಎರಡನ್ನೂ ಒಂದು ತುಂಡು ರಬ್ಬರ್ ಟ್ಯೂಬ್ ಹಾಕಿ ಜೋಡಿಸಿದ್ದರು. ಮೆಲ್ಲಗೆ ಓಡಿಸಿದರೆ ಪರವಾಗಿಲ್ಲ, ಥ್ರಾಟಲ್ ಪೂರ್ತಿ ಕೊಟ್ಟರೆ ರಬ್ಬರ್ ತಿರುಚಿಕೊಂಡು ಜಾರುತ್ತದೆ, ಮೋಟಾರ್ ಮಾತ್ರ ತಿರುಗುತ್ತದೆ, ಬೋಟ್ ನಿಂತಲ್ಲೇ ನಿಲ್ಲುತ್ತದೆ.

ಬೋಟ್ ನಿಲ್ಲುವುದು ನಮಗೆ ಯಾಕೆ ದೊಡ್ಡ ವಿಷಯ ಅಂದರೆ, ನಾವು ಓಡಿಸುವುದು ಕುಷ್ಟಗಿ ಕಡೆ ಗೆಳೆಯನ ಹೊಲದ ಕೃಷಿ ಹೊಂಡದಲ್ಲಿ. ಗಂಗಾವತಿ ಸುತ್ತ ನೀರಿಗೇನು ಕಮ್ಮಿ ಇಲ್ಲ, ತುಂಗಭದ್ರಾ ಎಡದಂಡೆ ಕಾಲುವೆ ಇದೆ. ಆದರೆ ಹರಿಯುವ ನೀರಲ್ಲಿ ಬೋಟ್ ಕೈ ಕೊಟ್ಟರೆ ಸೀದಾ ಮುಂದಿನ ಊರಿಗೆ ಹೋಗುತ್ತದೆ. ಹೊಂಡದಲ್ಲಿ ಪಾಚಿ ಕಮ್ಮಿ, ಜೊಂಡು ಇಲ್ಲ, ನೀರು ನಿಂತಿರುತ್ತದೆ. ತೊಂದರೆ ಒಂದೇ, ತಳಕ್ಕೆ ಹಾಸಿರುವ ಪ್ಲಾಸ್ಟಿಕ್ ಹಾಳೆ. ಒದ್ದೆಯಾದರೆ ಅದರ ಮೇಲೆ ಕಾಲು ನಿಲ್ಲಲ್ಲ, ಈಜು ಬಂದವರಿಗೂ ಹತ್ತಿ ಮೇಲೆ ಬರುವುದು ಕಷ್ಟ. ಬೋಟ್ ನಡುವೆ ನಿಂತರೆ ಯಾರೂ ಇಳಿಯುವ ಹಾಗಿಲ್ಲ, ಗಾಳಿ ದಡಕ್ಕೆ ತಳ್ಳುವ ತನಕ ಕಾಯಬೇಕು, ಇಲ್ಲಾಂದ್ರೆ ಹಗ್ಗಕ್ಕೆ ಚೆಂಡು ಕಟ್ಟಿ ಎಸೆದು ಎಳೆಯಬೇಕು. ಹಾಗಾಗಿ ನನಗೆ ಸ್ಪೀಡಿಗಿಂತ ನಂಬಿಕೆ ಮುಖ್ಯ.

ಮೊದಲು ಹಾಕಿದ್ದು ಯೂನಿವರ್ಸಲ್ ಜಾಯಿಂಟ್, ಅಂದರೆ ಎರಡು ಶಾಫ್ಟುಗಳನ್ನು ಜೋಡಿಸುವ, ನಡುವೆ ಮಡಚಿಕೊಳ್ಳುವ ಕಪ್ಲಿಂಗ್. ಎಲ್ಲರೂ ಮೊದಲು ಹೇಳುವುದೂ ಅದನ್ನೇ. ಒಂದು ಕಡೆ 3.17 ಮಿ.ಮೀ. ಮೋಟಾರ್ ಶಾಫ್ಟಿಗೆ, ಇನ್ನೊಂದು ಕಡೆ 4 ಮಿ.ಮೀ. ಪ್ರೊಪೆಲ್ಲರ್ ಶಾಫ್ಟಿಗೆ, ಎರಡು ಗ್ರಬ್ ಸ್ಕ್ರೂ (ತಲೆ ಇಲ್ಲದ ಚಿಕ್ಕ ಸ್ಕ್ರೂ) ಬಿಗಿದರೆ ಆಯಿತು. ಹತ್ತು ನಿಮಿಷದ ಕೆಲಸ. ಬೋಟ್ ಓಡಿತು ಕೂಡ. ಆದರೆ ಅರ್ಧ ಥ್ರಾಟಲ್ ದಾಟಿದ ಕೂಡಲೇ ಇಡೀ ಬೋಟ್ ಗರಗರ ಅನ್ನತೊಡಗಿತು.

ಒಂಟಿ ಜಾಯಿಂಟ್ ಕೋನವನ್ನು ಮಾತ್ರ ಸಹಿಸುತ್ತದೆ. ಅದೂ ಎರಡು ಶಾಫ್ಟುಗಳ ಗೆರೆಗಳು ಜಾಯಿಂಟಿನ ನಟ್ಟನಡುವೆ ಕೂಡಿದರೆ ಮಾತ್ರ. ನನ್ನ ಬೋಟಿನಲ್ಲಿ ಒಂದು ಗೆರೆ ಮೇಲೆ, ಇನ್ನೊಂದು ಕೆಳಗೆ, ಪಕ್ಕಕ್ಕೂ ಸರಿದಿದೆ, ಅವು ಎಲ್ಲೂ ಕೂಡುವುದೇ ಇಲ್ಲ. ಅಂಥ ಕಡೆ ಜಾಯಿಂಟ್ ಶಾಫ್ಟನ್ನು ಪ್ರತಿ ಸುತ್ತಿಗೂ ಪಕ್ಕಕ್ಕೆ ಎಳೆಯುತ್ತದೆ. ಕೋನ ಮಾತ್ರ ತಪ್ಪಿದ್ದರೂ ಪೂರ್ತಿ ಬಚಾವಿಲ್ಲ. ಮೋಟಾರ್ ಒಂದೇ ಸಮ ತಿರುಗಿದರೂ ಆಚೆ ಶಾಫ್ಟ್ ಪ್ರತಿ ಸುತ್ತಿಗೆ ಎರಡು ಸಲ ಜೋರಾಗಿ, ಎರಡು ಸಲ ನಿಧಾನವಾಗಿ ತಿರುಗುತ್ತದೆ. ಕೋನ 10 ಡಿಗ್ರಿ ಇದ್ದರೆ ಈ ಏರಿಳಿತ ಶೇ. 1.5ರಷ್ಟು, 20 ಡಿಗ್ರಿಗೆ ಶೇ. 6ರ ಹತ್ತಿರ. ಬೋಟ್ ಅದುರುವುದಕ್ಕೆ ಅಷ್ಟು ಸಾಕು. ಜೋಡಿ ಜಾಯಿಂಟ್ ಹಾಕಿದರೆ ಎತ್ತರದ ತಪ್ಪನ್ನೂ ಸಹಿಸುತ್ತದೆ, ಆದರೆ ಅದು ಉದ್ದ, ನನ್ನ ಮೋಟಾರಿಗೂ ಟ್ಯೂಬಿಗೂ ನಡುವೆ ಅಷ್ಟು ಜಾಗವೇ ಇಲ್ಲ.

ಅದುರುವುದೊಂದೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಗ್ರಬ್ ಸ್ಕ್ರೂ ಪದೇ ಪದೇ ಸಡಿಲವಾಯಿತು. ಟ್ಯೂಬಿನ ಒಳತುದಿಯ ಬುಶ್ (ಶಾಫ್ಟ್ ಒಳಗೆ ತಿರುಗುವ ಚಿಕ್ಕ ಬಳೆ) ಒಂದೇ ಪಕ್ಕಕ್ಕೆ ಸವೆದು ಮೊಟ್ಟೆಯಾಕಾರವಾಯಿತು. ಬುಶ್ ಸವೆದರೆ ಗ್ರೀಸ್ ನಿಲ್ಲಲ್ಲ, ಗ್ರೀಸ್ ಹೋದರೆ ಟ್ಯೂಬಿನ ಒಳಗಿಂದ ನೀರು ಏರಿ ಬೋಟಿಗೆ ಬರುತ್ತದೆ. ನಮ್ಮ ಮಾಮಾ ರೈಸ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ಬೋಟನ್ನು ಕೈಯಲ್ಲಿ ಹಿಡಿದು ಶಾಫ್ಟ್ ತಿರುಗಿಸಿ ನೋಡಿ, "ತಮ್ಮಾ, ಕಪ್ಲಿಂಗ್ ಇರೋದು ಸೊಟ್ಟ ಮುಚ್ಚಾಕ ಅಲ್ಲಪಾ, ಮೊದಲ ಎರಡೂ ಶಾಫ್ಟ್ ಒಂದ ಲೈನಿಗೆ ತಾ" ಅಂದರು. ಮಿಲ್ಲಿನ ದೊಡ್ಡ ಮೋಟಾರಿಗೂ ಅದೇ ಲೆಕ್ಕವಂತೆ. ಲೈನ್ ತಪ್ಪಿದರೆ ರಬ್ಬರ್ ಬುಶ್ಶು ಮೊದಲು ಹೋಗುತ್ತದೆ, ಆಮೇಲೆ ಬೇರಿಂಗು.

ಇನ್ನೊಂದು ದಾರಿ ವಾಷರ್ ಇಟ್ಟು ಮೋಟಾರನ್ನೇ ಎತ್ತುವುದು, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟ್ಯೂಬಿನ ತುದಿ ಮೋಟಾರಿಗಿಂತ ಮೇಲಿದ್ದರೆ ಕಣ್ಣು ಮುಚ್ಚಿ ಅದನ್ನೇ ಮಾಡಿ, ಮೋಟಾರ್ ಮೌಂಟಿನ (ಮೋಟಾರ್ ಕೂರಿಸುವ ಪಟ್ಟಿಯ) ಕೆಳಗೆ ವಾಷರ್ ಇಟ್ಟು ಎತ್ತಿದರೆ ಮುಗಿಯಿತು. ನನ್ನದು ಉಲ್ಟಾ, ಮೋಟಾರನ್ನು ಇಳಿಸಬೇಕು. ನನ್ನದು 540 ಅನ್ನುವ ಸೈಜಿನ ಮೋಟಾರ್, ಅದರ ಡಬ್ಬಿಯ ಅಡ್ಡಗಲ ಸುಮಾರು 36 ಮಿ.ಮೀ. ಅಂದರೆ ಅದರ ಶಾಫ್ಟ್ ಬೋಟಿನ ತಳದಿಂದ 18 ಮಿ.ಮೀ.ಗಿಂತ ಕೆಳಗೆ ಬರುವುದೇ ಇಲ್ಲ, ತಳ ವಿ ಆಕಾರದ್ದಾದರೆ ಇನ್ನೂ ಮೇಲೆಯೇ ನಿಲ್ಲುತ್ತದೆ. ಮೌಂಟಿನ ತೂತುಗಳನ್ನು ಅರದಿಂದ ಉದ್ದ ಮಾಡಿ ಎಡಬಲ ಸರಿಪಡಿಸಿದೆ, ಸದ್ದು ಅರ್ಧ ಕಮ್ಮಿಯಾಯಿತು, ಅಷ್ಟೇ.

ಉಳಿದದ್ದು ಟ್ಯೂಬ್ ಕೀಳುವುದು. ಇಲ್ಲಿ ತಲೆ ಕೆಡಿಸುವ ಒಂದೇ ಕೆಲಸ ಅಂದರೆ ಹಳೆ ಅಂಟು ಬಿಡಿಸುವುದು, ಉಳಿದದ್ದೆಲ್ಲ ತಾಳ್ಮೆ ಅಷ್ಟೇ.

ಟ್ಯೂಬನ್ನು ಎಪಾಕ್ಸಿಯಲ್ಲಿ (ಎರಡು ಭಾಗ ಕಲಸಿ ಹಚ್ಚುವ ಅಂಟು) ಕೂರಿಸಿರುತ್ತಾರೆ. ಮಾಮೂಲಿ ಎಪಾಕ್ಸಿ 60-70 ಡಿಗ್ರಿ ಶಾಖಕ್ಕೆ ಮೆತ್ತಗಾಗತೊಡಗುತ್ತದೆ. ನನ್ನ ಬೋಟಿನ ಮೈ ಎಬಿಎಸ್ ಪ್ಲಾಸ್ಟಿಕ್, ಅದು ಮೆತ್ತಗಾಗುವುದು 100 ಡಿಗ್ರಿಯ ಸುತ್ತಮುತ್ತ. ಈ ಎರಡರ ನಡುವಿನ ಕಿರಿದಾದ ಜಾಗದಲ್ಲೇ ಕೆಲಸ ಮುಗಿಸಬೇಕು. ಹೊರಗಿಂದ ಹಾಟ್ ಏರ್ ಗನ್ ಹಿಡಿದರೆ ಅಂಟಿಗಿಂತ ಮೊದಲು ಬೋಟೇ ಸೊಟ್ಟಗಾಗುತ್ತದೆ, ಆ ಕೆಲಸಕ್ಕೆ ಕೈ ಹಾಕಬೇಡಿ. ಶಾಖ ಟ್ಯೂಬಿನ ಒಳಗಿಂದಲೇ ಬರಬೇಕು.

ಶಾಫ್ಟ್ ಎಳೆದು, ಬುಶ್ ತೆಗೆದು, ಗ್ರೀಸ್ ಚೆನ್ನಾಗಿ ಒರೆಸಿ (ಒರೆಸದಿದ್ದರೆ ಹೊಗೆ, ವಾಸನೆ, ಮನೆಯವರ ಬೈಗುಳ), ಟ್ಯೂಬಿನೊಳಗೆ ಸಲೀಸಾಗಿ ಹೋಗುವ ಕಬ್ಬಿಣದ ಸಳಿಯೊಂದನ್ನು ತೂರಿಸಿ. ಅದರ ಹೊರತುದಿಗೆ ದೊಡ್ಡ ಸೋಲ್ಡರಿಂಗ್ ಐರನ್ ಒತ್ತಿ ಹಿಡಿಯಿರಿ. ಮೊಬೈಲ್ ರಿಪೇರಿಯ 25 ವ್ಯಾಟಿನ ಐರನ್ ಸಾಲದು, ಹಿತ್ತಾಳೆ ಬಿಸಿಯನ್ನೆಲ್ಲ ಎಳೆದುಕೊಂಡು ಹರಡಿಬಿಡುತ್ತದೆ. ಬೋಟಿನ ಹಿಂಭಾಗಕ್ಕೆ ಒದ್ದೆ ಬಟ್ಟೆ ಸುತ್ತಿರಬೇಕು. ಆಗಾಗ ಪಕ್ಕಡಿನಿಂದ ಟ್ಯೂಬನ್ನು ಮೆಲ್ಲಗೆ ತಿರುಚಿ ನೋಡುತ್ತಿರಿ. ಎಳೆಯಬೇಡಿ, ತಿರುಚಿ. ಒಂದು ಹಂತದಲ್ಲಿ ಕಿರ್ ಅಂತ ಸಣ್ಣ ಸದ್ದಾಗಿ ಟ್ಯೂಬ್ ತಿರುಗುತ್ತದೆ. ಆಗ ಐರನ್ ತೆಗೆದು, ತಿರುಚುತ್ತಲೇ ಹೊರಗೆ ಎಳೆಯಬೇಕು. ತಣ್ಣಗಾಗಲು ಬಿಟ್ಟರೆ ಮತ್ತೆ ಗಟ್ಟಿ ಹಿಡಿಯುತ್ತದೆ, ಮೊದಲಿಂದ ಶುರು. ಬೋಟಿನ ಮೈ ಮುಟ್ಟಿದರೆ ಕೈ ತಡೆಯದಷ್ಟು ಬಿಸಿ ಅನಿಸಿದರೆ ಅಲ್ಲಿಗೇ ನಿಲ್ಲಿಸಿ, ಆರಿಸಿ, ಆಮೇಲೆ ಮತ್ತೆ ಹಿಡಿಯಿರಿ.

ಟ್ಯೂಬ್ ಬಂದ ಮೇಲೆ ತಳದ ತೂತನ್ನು ಹೊಸ ಕೋನಕ್ಕೆ ಬೇಕಾದಷ್ಟು ಉದ್ದ ಮಾಡಬೇಕು. ಹಳೆ ತೂತಿಗೇ ತುರುಕಿದರೆ ಅದೇ ಸೊಟ್ಟ ವಾಪಸ್ ಬರುತ್ತದೆ. ಟ್ಯೂಬ್ ಎಲ್ಲೂ ತಾಗದೆ ಸಡಿಲವಾಗಿ ಆಡುವಷ್ಟು ಜಾಗ ಇರಲಿ.

ಈಗ ಲೈನ್ ಹಿಡಿಯುವುದು. ಕಣ್ಣಳತೆ, ಸ್ಕೇಲು ಯಾವುದೂ ಬೇಡ, ಒಂದು ಗಟ್ಟಿ (ಎಲ್ಲೂ ಬಾಗದ) ಕಪ್ಲಿಂಗ್ ಸಾಕು. ಹಿತ್ತಾಳೆ ಸಳಿಯ ತುಂಡು ತಗೊಂಡು ಲೇತ್ ಅಂಗಡಿಗೆ ಹೋದೆ. ಪಂಪ್‌ಸೆಟ್ ಶಾಫ್ಟು, ಟ್ರ್ಯಾಕ್ಟರ್ ಪಿನ್ನು ಮಾಡುವ ಅಂಗಡಿಯಲ್ಲಿ ನನ್ನ ಬೆರಳುದ್ದದ ತುಂಡು ನೋಡಿ ನಕ್ಕರು, ಆದರೆ ಕೆಲಸ ಚೊಕ್ಕ ಮಾಡಿಕೊಟ್ಟರು. ಉದ್ದಕ್ಕೂ 3.2 ಮಿ.ಮೀ. ತೂತು, ಅದರಲ್ಲಿ ಅರ್ಧದವರೆಗೆ 4 ಮಿ.ಮೀ. ಮಷಿನ್‌ನಿಂದ ತುಂಡು ಬಿಚ್ಚದೆ, ಒಂದೇ ಹಿಡಿತದಲ್ಲಿ ಎರಡೂ ತೂತು ಹೊಡೆಯಬೇಕು, ಆಗಲೇ ಎರಡರ ನಡುಬಿಂದು ಒಂದೇ ಆಗುವುದು. ಇದಕ್ಕೆ ಗ್ರಬ್ ಸ್ಕ್ರೂ ಹಾಕಿಸಬೇಡಿ. ಸ್ಕ್ರೂ ಬಿಗಿದರೆ ಶಾಫ್ಟ್ ಒಂದು ಪಕ್ಕಕ್ಕೆ ಒತ್ತಿಕೊಂಡು ಲೈನ್ ಕೆಡುತ್ತದೆ, ಸುಮ್ನೆ ತೂರಿಸಿದರೆ ಸಾಕು.

ಮೋಟಾರನ್ನು ಅದರ ಜಾಗದಲ್ಲಿ ಬಿಗಿದು, ಶಾಫ್ಟು ಹೊಸ ಬುಶ್ಶಿನೊಂದಿಗೆ ಟ್ಯೂಬಿನೊಳಗೆ, ನಡುವೆ ಈ ಗಟ್ಟಿ ಕಪ್ಲಿಂಗ್. ಈಗ ಟ್ಯೂಬ್ ಬೇರೆ ದಾರಿ ಇಲ್ಲದೆ ಮೋಟಾರಿನ ಲೈನಿಗೇ ನಿಲ್ಲುತ್ತದೆ. ಟ್ಯೂಬಿನ ಎರಡೂ ಬಾಯಿಗೆ ವ್ಯಾಸಲೀನ್ ಸವರಿ, ಅಂಟು ಒಳಗೆ ಹೋಗಬಾರದು. ಎಬಿಎಸ್ಸನ್ನೂ ಹಿತ್ತಾಳೆಯನ್ನೂ ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಿ. ಒರೆಸುವುದಕ್ಕೆ ಅಸಿಟೋನ್ ಬೇಡ, ಎಬಿಎಸ್ ಕರಗುತ್ತದೆ.

ಅಂಟಿನ ವಿಷಯದಲ್ಲಿ ನಮ್ಮ ಕಡೆಯವರು ಬಿಸಿಲನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಐದು ನಿಮಿಷದ ಎಪಾಕ್ಸಿ ಏಪ್ರಿಲ್-ಮೇ ತಿಂಗಳ ಕೊಪ್ಪಳ ಜಿಲ್ಲೆಯಲ್ಲಿ ಐದು ನಿಮಿಷ ಇರುವುದಿಲ್ಲ, ಕಲಸುವಾಗಲೇ ಬಿಸಿಯಾಗಿ ಗಟ್ಟಿಯಾಗುತ್ತದೆ. ನಾನು ಹಾಕಿದ್ದು ನಿಧಾನಕ್ಕೆ ಗಟ್ಟಿಯಾಗುವ ಮಾಮೂಲಿ ಅರಾಲ್ಡೈಟ್, ಬೆಳಿಗ್ಗೆ ತಂಪಿನಲ್ಲಿ. ಅದು ಬಿಸಿಲಿಗೆ ತೆಳ್ಳಗಾಗಿ ಸೋರುತ್ತದೆ, ಸ್ವಲ್ಪ ಟಾಲ್ಕಂ ಪೌಡರ್ ಕಲಸಿದರೆ ನಿಂತುಕೊಳ್ಳುತ್ತದೆ. ಮೊದಲು ಎರಡು ಕಡೆ ಚಿಕ್ಕ ಬೊಟ್ಟು ಮಾತ್ರ ಇಟ್ಟು ರಾತ್ರಿ ಬಿಡಿ. ಮಾರನೇ ದಿನ ಬೆರಳಲ್ಲಿ ತಿರುಗಿಸಿ, ಎಲ್ಲೂ ಬಿಗಿ ಇಲ್ಲದಿದ್ದರೆ ಪೂರ್ತಿ ತುಂಬಿ. ಬಿಗಿ ಇದ್ದರೆ ಎರಡು ಬೊಟ್ಟು ಕೆರೆದು ತೆಗೆಯುವುದು ಸುಲಭ.

ಫಲಿತಾಂಶ ಮಲ್ಟಿಮೀಟರಿನ 10 ಆಂಪಿಯರ್ ಬಾಯಿಗೆ ಹಾಕಿ ನೋಡಿದೆ, ಬೋಟ್ ನೀರಿನಿಂದ ಹೊರಗೆ. ಬರೀ ಮೋಟಾರ್ ಒಂದೂವರೆ ಆಂಪಿಯರ್ ತಗೊಳ್ಳುತ್ತದೆ. ಸೊಟ್ಟ ಟ್ಯೂಬಿಗೆ ಯೂನಿವರ್ಸಲ್ ಜಾಯಿಂಟ್ ಹಾಕಿದಾಗ ಮೂರು ದಾಟಿತ್ತು. ಈಗ ಎರಡರ ಒಳಗೇ ಇದೆ. ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ, ಮೋಟಾರ್ ಮುಟ್ಟಿದರೆ ಸುಡುವುದಿಲ್ಲ.

ಗಟ್ಟಿ ಕಪ್ಲಿಂಗನ್ನು ಹಾಗೇ ಬಿಡಬಾರದು, ಅದು ಲೈನ್ ಹಿಡಿಯುವುದಕ್ಕೆ ಮಾತ್ರ. ಕೂದಲೆಳೆ ವ್ಯತ್ಯಾಸ ಉಳಿದಿದ್ದರೂ ಬುಶ್ ತಿನ್ನುತ್ತದೆ. ಅದನ್ನು ತೆಗೆದು ಅದೇ ಹಳೆ ಯೂನಿವರ್ಸಲ್ ಜಾಯಿಂಟನ್ನು ವಾಪಸ್ ಹಾಕಿದೆ, ಗ್ರಬ್ ಸ್ಕ್ರೂಗೆ ನೀಲಿ ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ. ಈಗ ಅದರದ್ದು ಸದ್ದೇ ಇಲ್ಲ.

ಫ್ಲೆಕ್ಸ್ ಶಾಫ್ಟ್ ನಾನು ಹಾಕಿಲ್ಲ. ಹೆಣೆದ ತಂತಿಯ ಶಾಫ್ಟದು, ಬಾಗಿದ ಟ್ಯೂಬಿನಲ್ಲೂ ತಿರುಗುತ್ತದೆ, ರೇಸ್ ಬೋಟಿನವರಿಗೆ ಅದೇ ಸರಿ. ಆದರೆ ಅದರ ಹೆಣಿಗೆ ಒಂದೇ ದಿಕ್ಕಿಗೆ ಬಿಗಿಯಾಗುವಂಥದ್ದು, ರಿವರ್ಸ್ ಜೋರಾಗಿ ಕೊಟ್ಟರೆ ಬಿಚ್ಚಿಕೊಳ್ಳುತ್ತದೆ. ಚಿಕ್ಕ ಹೊಂಡದಲ್ಲಿ ರಿವರ್ಸ್ ಇಲ್ಲದೆ ನನಗೆ ಆಗುವುದಿಲ್ಲ. ಸಾಮಾನು ತರಿಸುವ ಖರ್ಚು ಬೇರೆ. ನನಗೆ ಲೇತ್ ಕೂಲಿ, ಬುಶ್ಶು, ಅಂಟು ಎಲ್ಲಾ ಸೇರಿಯೂ ಆ ಯೂನಿವರ್ಸಲ್ ಜಾಯಿಂಟಿನ ಬೆಲೆ ಮುಟ್ಟಲಿಲ್ಲ.

ಒಂದು ಕಡೆ ಮಾತ್ರ ಕೀಳುವುದಕ್ಕೆ ಹೋಗಬೇಡಿ: ಫೈಬರ್ ಬೋಟಿನಲ್ಲಿ ಟ್ಯೂಬನ್ನು ತಳದ ನಡುಏಣಿನ ಒಳಗೇ ರಾಳ ಸುರಿದು ಹೂತಿದ್ದರೆ. ಅಲ್ಲಿ ಕಿತ್ತರೆ ತಳವೇ ಕಿತ್ತು ಬರುತ್ತದೆ. ಹೊಸ ಮೋಟಾರ್ ಮೌಂಟ್ ಮಾಡಿಸಿ ಮೋಟಾರನ್ನೇ ಲೈನಿಗೆ ತನ್ನಿ, ಲೈನ್ ಹಿಡಿಯುವುದಕ್ಕೆ ಇದೇ ಗಟ್ಟಿ ಕಪ್ಲಿಂಗ್ ಸಾಕು.