ಸೆವೆನ್ ಬಿಟ್ಟು ಜಿನೆಟ್ಟಾ ಹಿಡಿದೆ

ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗವಾದ ಹೆಡ್‌ಗೂ ಕೆಳಭಾಗಕ್ಕೂ ನಡುವಿನ ಸೀಲು) ಎರಡು ಸಲ ಸುಟ್ಟುಹೋದ ಮೇಲೂ ನನ್ನ ಒಲವು ಜಿನೆಟ್ಟಾ ಜಿ15 ಎಂಬ ಹಳೆಯ ಸ್ಪೋರ್ಟ್ಸ್ ಕಾರಿನ ಕಡೆಗೇ. ಇಂಗ್ಲೆಂಡಿನ ಇಪ್ಸ್‌ವಿಚ್‌ನ ನಮ್ಮ ಮನೆಗೆ ಹತ್ತಿರದ ವುಡ್‌ಬ್ರಿಜ್‌ನಲ್ಲೇ ವಾಕ್ಲೆಟ್ ಮನೆಯ ನಾಲ್ವರು ಅಣ್ಣತಮ್ಮಂದಿರು 1958ರಲ್ಲಿ ಈ ಕಂಪನಿ ಕಟ್ಟಿದ್ದು. ಅವರ ಮೂಲ ಕಸುಬು ಕಬ್ಬಿಣದ ಕೆಲಸ, ಕೃಷಿ ಯಂತ್ರೋಪಕರಣ. ಐವರ್ ವಿನ್ಯಾಸ ಮಾಡಿದರೆ ಬಾಬ್ ವ್ಯವಹಾರ ನೋಡಿಕೊಳ್ಳುತ್ತಿದ್ದರು.

ಕಾರು ಕೊಳ್ಳುವ ಮೊದಲು ಗೆಳೆಯನ ಕೇಟರ್‌ಹ್ಯಾಮ್ ಸೆವೆನ್ ಎಂಬ ತೆರೆದ ಸ್ಪೋರ್ಟ್ಸ್ ಕಾರನ್ನು ಒಂದು ಬೇಸಿಗೆಯಿಡೀ ಓಡಿಸಿದ್ದೆ. ಲೋಟಸ್ ಕಂಪನಿಯ ಸ್ಥಾಪಕ ಕಾಲಿನ್ ಚಾಪ್ಮನ್ 1957ರಲ್ಲಿ ಹೊರತಂದ ಲೋಟಸ್ ಸೆವೆನ್‌ನ ಹಕ್ಕು 1973ರಲ್ಲಿ ಕೇಟರ್‌ಹ್ಯಾಮ್ ಕಂಪನಿಗೆ ಬಂತು; ಅದು ಇಂದಿಗೂ ತಯಾರಾಗುತ್ತಿದೆ. ತಿರುವಿನಲ್ಲಿ ಅದರ ಸ್ಟಿಯರಿಂಗ್‌ಗೆ ಸಾಟಿಯಿಲ್ಲ.

ಜಿ15ರದು ಫೈಬರ್‌ಗ್ಲಾಸ್ ಮೈ, ಗಟ್ಟಿ ಚಾವಣಿ. ಬೆನ್ನ ಹಿಂದೆ ಹಿಲ್ಮನ್ ಇಂಪ್ ಎಂಬ ಸಣ್ಣ ಕಾರಿನ 875 ಸಿಸಿ ಎಂಜಿನ್. ನಾನು ಏಟು ತಿಂದದ್ದು ಅಲ್ಲಿಯೇ. ಆ ಎಂಜಿನ್ ಪೂರ್ತಿ ಅಲ್ಯೂಮಿನಿಯಂನದು. ಮಾರಿದವರು ವರ್ಷಗಟ್ಟಲೆ, ನೀರು ಹೆಪ್ಪುಗಟ್ಟದಂತೆ, ಲೋಹ ಸವೆಯದಂತೆ ಕಾಯುವ ಆ್ಯಂಟಿಫ್ರೀಝ್ ಹಾಕದೆ ಬರೀ ನಲ್ಲಿ ನೀರು ತುಂಬಿಸಿದ್ದರು. ಒಳಗಿನ ಲೋಹ ತಿಂದುಹೋಗಿ, ನೀರಿನ ದಾರಿಗಳು ಕಟ್ಟಿಕೊಂಡಿದ್ದವು. ಎರಡನೇ ವಾರವೇ ಎಂಜಿನ್ ಕುದಿಯಿತು. ಎಣ್ಣೆಯ ಮುಚ್ಚಳ ಬಿಚ್ಚಿದರೆ ಒಳಗೆ ಹಾಲು ಬೆರೆತ ಕಾಫಿಯ ಬಣ್ಣದ ಜಿಡ್ಡು: ಗ್ಯಾಸ್ಕೆಟ್ ಹೋಗಿ ಎಣ್ಣೆಗೆ ನೀರು ಸೇರಿತ್ತು.

ಒಂದು ಗ್ಯಾರೇಜಿನವರು ಗ್ಯಾಸ್ಕೆಟ್ ಬದಲಿಸಿ ಕೈತೊಳೆದುಕೊಂಡರು. ತಿಂಗಳೊಳಗೆ ಮತ್ತೆ ಅದೇ ಕಥೆ. ಈ ಸಲ ಹೆಡ್ ಅನ್ನು ನಾನೇ ಇಳಿಸಿ, ಅದರ ಮೇಲೆ ಉಕ್ಕಿನ ಅಳತೆಪಟ್ಟಿ ಇಟ್ಟು ಹಿಂದಿನಿಂದ ಟಾರ್ಚ್ ಹಿಡಿದೆ. ನಡುವಿನಲ್ಲಿ ಕೂದಲೆಳೆಯಷ್ಟು ಬೆಳಕು ಇಣುಕಿತು: ಹೆಡ್ ಬಾಗಿತ್ತು. ಫೇಸಿಂಗ್ ಮಾಡಿಸಿ (ಅದರ ಮೈಯನ್ನು ಹೆರೆದು ಮಟ್ಟಸ ಮಾಡಿಸಿ), ನೀರಿನ ದಾರಿಗಳನ್ನೆಲ್ಲ ಕೆರೆದು, ಹೊಸ ಪಂಪ್ ಕೂರಿಸಿದ ಮೇಲೆ ಎಂಜಿನ್ ತಂಪಾಯಿತು. ಹಳೆಯ ಇಂಪ್ ಎಂಜಿನ್ ಇರುವ ಯಾವ ಕಾರನ್ನೇ ಕೊಳ್ಳುವುದಿದ್ದರೂ ಮೊದಲು ರೇಡಿಯೇಟರ್‌ನ ನೀರಿನ ಬಣ್ಣ ನೋಡಿ.

ಬಿಡಿಭಾಗಗಳ ವಿಷಯದಲ್ಲಿ ಸೆವೆನ್ ಮುಂದು. ಜಿ15ರಂತೆ ಬಿಡಿಬಿಡಿಯಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡ ಕಾರಿಗೆ ಇದ್ದ ಖರೀದಿ ತೆರಿಗೆಯ ಉಳಿತಾಯ, 1973ರ ಏಪ್ರಿಲ್‌ನಲ್ಲಿ ಆ ತೆರಿಗೆಯ ಜಾಗಕ್ಕೆ ವ್ಯಾಟ್ ಬಂದಾಗ ಇಲ್ಲವಾಯಿತು. ಮರುವರ್ಷ ಜಿ15ರ ತಯಾರಿಕೆ ನಿಂತಿತು. ಒಟ್ಟು ತಯಾರಾದದ್ದು ಸುಮಾರು 800. ಸಾಮಾನು ಇಡುವ ಜಾಗ ಎರಡರಲ್ಲೂ ಅಷ್ಟಕ್ಕಷ್ಟೇ.

ರೇಸ್ ಟ್ರ್ಯಾಕಿಗೆ ಹೋಗುವವರು ಕಣ್ಣುಮುಚ್ಚಿ ಸೆವೆನ್ ಕೊಳ್ಳಲಿ. ನನ್ನ ಕೈಯಲ್ಲಿದ್ದದ್ದು 15,000 ಪೌಂಡ್. ಅದರಲ್ಲಿ ಕಾರಿನ ಜೊತೆಗೆ ರಿಪೇರಿಯೂ ಮುಗಿಯಿತು. ಭಾನುವಾರ ಬೆಳಗ್ಗೆ ಮಳೆಯಿದ್ದರೂ ಹೆಂಡತಿಯನ್ನು ಕೂರಿಸಿಕೊಂಡು ಆಲ್ಡ್‌ಬರಾದ ಕಡಲ ದಂಡೆಗೆ ಹೋಗುತ್ತೇನೆ. ತಾಪದ ಮುಳ್ಳು ನಡುವಿನಿಂದ ಮೇಲಕ್ಕೆ ಏರದು.